ಎಂಟರ ಪಕ್ಕದ ಚುಕ್ಕೆ

ವಿಮಾನ ನಿಲ್ದಾಣ

ಜ್ಯೂರಿಕ್‌ನಲ್ಲಿ ಇಳಿದು ಸುಂಕದವರ ಮುಂದೆ ನಿಂತಾಗ ನನ್ನ ಕೈಚೀಲದಿಂದ ಮಾವಿನಮಿಡಿ ಉಪ್ಪಿನಕಾಯಿಯ ರಸ ತೊಟ್ಟಿಕ್ಕುತ್ತಿತ್ತು. ಮುಂಬಯಿಯವರೆಗೂ ಮರ್ಯಾದೆಯಿಂದ ಕೂತಿದ್ದ ಜಾಡಿ ಆಕಾಶದಲ್ಲಿ ಯಾವಾಗಲೋ ಬಾಯಿ ಬಿಟ್ಟಿತ್ತು. ಟೊಪ್ಪಿ ಹಾಕಿಕೊಂಡ ಅಧಿಕಾರಿ ಚೀಲದ ಹತ್ತಿರ ಮೂಗು ತಂದ, ಹಿಂದಕ್ಕೆಳೆದುಕೊಂಡ, ಮತ್ತೆ ತಂದ.

"ಇದು ಔಷಧವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಊಟಕ್ಕೆ ಎಂದೆ. ಅವನು ನಂಬಲಿಲ್ಲ. ಇನ್ನೇನು ಜಾಡಿ ಅಲ್ಲೇ ಉಳಿಯಿತು ಅಂದುಕೊಳ್ಳುವಷ್ಟರಲ್ಲಿ ಅವನ ಕಣ್ಣು ನಮ್ಮವರ ಮಣಿಕಟ್ಟಿನ ಮೇಲೆ ಬಿತ್ತು. ಮುಖ ಅರಳಿತು. "ಬಹಳ ಒಳ್ಳೆಯ ವಾಚು. ನಮ್ಮಲ್ಲಿ ಮಾಡಿದ್ದು," ಎಂದ.

ಬೇರೆ ಯಾರಾದರೂ ಆಗಿದ್ದರೆ ಎದೆ ಉಬ್ಬಿಸುತ್ತಿದ್ದರು. ನಮ್ಮವರು ಪಟ್ಟಿ ಬಿಚ್ಚಿ ವಾಚನ್ನು ಅವನ ಮೂಗಿನ ಹತ್ತಿರ ಹಿಡಿದರು. "ಸ್ಪಾಟ್. ಹಿಯರ್. ಎಂಟರ ಪಕ್ಕ ನೋಡಿ," ಎಂದರು. ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಅವನು ನೋಡಿ ತಲೆಯಾಡಿಸಿದ. ಏನೂ ಕಾಣುತ್ತಿಲ್ಲ ಎಂದ. ಇವರು ಬಿಡಲಿಲ್ಲ, ತೋಳು ಹಿಡಿದು ದೀಪದ ಕೆಳಗೆ ಕರೆದುಕೊಂಡು ಹೋದರು. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಆ ಗಡಿಬಿಡಿಯಲ್ಲಿ ಉಪ್ಪಿನಕಾಯಿ ಪಾರಾಯಿತು. ನನ್ನ ಮಾನ ಮಾತ್ರ ಅಲ್ಲೇ ಉಳಿಯಿತು.

ನಮ್ಮವರು ಮರದ ಕಂಟ್ರಾಕ್ಟರು. ಹುಟ್ಟಿದ್ದು ತೀರ್ಥಹಳ್ಳಿಯ ಹತ್ತಿರ, ಮರದ ಡಿಪೋ ಹೊಸನಗರದಲ್ಲಿ, ಸಂಸಾರ ಹೂಡಿದ್ದು ಸಾಗರದ ಪೇಟೆಯಲ್ಲಿ. ನನ್ನ ತಂದೆ ಸಾಗರದಲ್ಲಿ ಮೇಷ್ಟರಾಗಿದ್ದರಿಂದ ನನಗೆ ಅಷ್ಟಿಷ್ಟು ಇಂಗ್ಲಿಷು ಬಂತು. ಶರಾವತಿಗೆ ಅಣೆಕಟ್ಟು ಕಟ್ಟುತ್ತಿದ್ದ ದಿನಗಳಲ್ಲಿ ಯಂತ್ರ ಕೂಡಿಸಲು ಸ್ವಿಟ್ಜರ್ಲೆಂಡಿನಿಂದ ಕೆಲ್ಲರ್ ಎಂಬ ಇಂಜಿನಿಯರ್ ಬಂದಿದ್ದರು. ಇವರಿಂದ ತೊಲೆ, ಹಲಗೆ ಕೊಳ್ಳುತ್ತಾ ಸ್ನೇಹಿತರಾದರು. ಕೆಲಸ ಮುಗಿಸಿ ಊರಿಗೆ ಹೊರಟ ದಿನ ಕೆಲ್ಲರ್ ತಮ್ಮ ಕೈಯಲ್ಲಿದ್ದ ಚಿನ್ನದ ವಾಚನ್ನು ಬಿಚ್ಚಿ ಇವರಿಗೆ ಕೊಟ್ಟುಬಿಟ್ಟರು. ನಾವು ಬೇಡ ಬೇಡ ಎಂದೆವು. ಆಗ ಕೆಲ್ಲರ್ ಜೇಬಿನಿಂದ ಒಂದು ಭೂತಗನ್ನಡಿ ತೆಗೆದು, ವಾಚಿನ ಬಿಳಿಯ ಮುಖದ ಮೇಲೆ ಎಂಟರ ಪಕ್ಕದಲ್ಲಿ ಒಂದು ಚುಕ್ಕೆ ತೋರಿಸಿದರು.

"ಇದು ಹುಟ್ಟಿನಿಂದಲೇ ಇದೆ. ಒಮ್ಮೆ ಕಂಡ ಮೇಲೆ ನನಗೆ ಬೇರೇನೂ ಕಾಣುತ್ತಿಲ್ಲ. ನೀವು ಕಾಡಿನಲ್ಲಿ ಓಡಾಡುವವರು, ನಿಮಗೆ ತೊಂದರೆಯಾಗಲಾರದು," ಎಂದು ನಕ್ಕರು.

ತೊಂದರೆಯಾಯಿತು. ಎರಡು ವರ್ಷ ಆ ಚುಕ್ಕೆ ನಮ್ಮ ಮನೆಯಲ್ಲಿ ಒಬ್ಬ ನೆಂಟನ ಹಾಗೆ ಕೂತಿತು. ನನಗೆ ಅದು ಒಂದು ದಿನವೂ ಕಾಣಲಿಲ್ಲ. ಇವರಿಗೆ ಕಾಣದ ಹೊತ್ತೇ ಇರಲಿಲ್ಲ. ಉಣ್ಣುತ್ತಿದ್ದವರು ಕೈ ನಿಲ್ಲಿಸಿ ಮಣಿಕಟ್ಟನ್ನು ಬೆಳಕಿಗೆ ತಿರುಗಿಸುವರು. ಡಿಪೋದಲ್ಲಿ ಆಳುಗಳು ಗಂಟೆ ಎಷ್ಟಾಯಿತು ಎಂದು ಕೇಳಿದರೆ ವಾಚು ನೋಡುವರು, ನೋಡುತ್ತಲೇ ಇರುವರು, ಗಂಟೆ ಹೇಳುವುದು ಮರೆಯುವರು. ಸಾಗರದ ರಿಪೇರಿಯವರು ಈ ಮುಖಕ್ಕೆ ಕೈ ಹಾಕಲು ತಮಗೆ ಧೈರ್ಯವಿಲ್ಲ ಎಂದರು. ಮರ ಕೊಯ್ಯುವ ಹೊಸ ಯಂತ್ರ ನೋಡಿ ಬರಲು ಪರದೇಶಕ್ಕೆ ಹೋಗಬೇಕು ಅಂತ ಇವರು ಓಡಾಡಿ ಪರವಾನಗಿ ತಂದಾಗ, ಯಂತ್ರ ಬರೀ ನೆಪ ಎಂದು ನನಗೆ ಗೊತ್ತಿತ್ತು. ಕೆಲ್ಲರ್ ತಮ್ಮ ಮನೆಯಲ್ಲೇ ಇಳಿದುಕೊಳ್ಳಬೇಕು, ವಾಚು ಮಾಡಿದ ಕಾರ್ಖಾನೆಗೆ ತಾವೇ ಕರೆದುಕೊಂಡು ಹೋಗುವುದಾಗಿ ಕಾಗದ ಬರೆದಿದ್ದರು.

ರೈಲು

ಆ ದೇಶದ ರೈಲಿನಲ್ಲಿ ಜನ ಮಾತಾಡುವುದಿಲ್ಲ. ನಮ್ಮ ಹೊಸನಗರದ ಬಸ್ಸಿನಲ್ಲಿ ಮುಂದಿನ ಸ್ಟಾಪು ಬರುವುದರೊಳಗೆ ಪಕ್ಕದವರ ಮಗಳಿಗೆ ಎಲ್ಲಿ ಗಂಡು ಗೊತ್ತಾಗಿದೆ ಅಂತ ತಿಳಿದಿರುತ್ತದೆ. ಇಲ್ಲಿ ಎದುರಿಗೆ ಕೂತವರ ಮೊಣಕಾಲು ತಗುಲಿದರೂ ಕ್ಷಮಿಸಿ ಎಂದು ಕಿಟಕಿಯ ಕಡೆ ತಿರುಗುತ್ತಾರೆ. ಸ್ಟೇಷನ್ನು ಬಂದಾಗ ಮಾತ್ರ ಡಬ್ಬಿಯಲ್ಲಿದ್ದವರೆಲ್ಲ ತೋಳು ಮೇಲೆ ಸರಿಸಿ ವಾಚು ನೋಡುತ್ತಾರೆ. ರೈಲು ಸರಿಯಾದ ಹೊತ್ತಿಗೆ ಬಂದಿತೆಂದು ಸಮಾಧಾನವಾದ ಮೇಲೆ ತೋಳು ಕೆಳಗಿಳಿಯುತ್ತದೆ.

ನಮ್ಮ ಎದುರಿಗೆ ದಪ್ಪಗಿನ ಒಬ್ಬ ಹೆಂಗಸು ಕೂತಿದ್ದರು. ನಮ್ಮವರು ಮಣಿಕಟ್ಟು ತಿರುಗಿಸುವುದನ್ನು ಬಹಳ ಹೊತ್ತು ನೋಡಿ ತಡೆಯಲಾರದೆ ಏನು ಎಂದು ಸನ್ನೆ ಮಾಡಿದರು. ಇವರು ಚುಕ್ಕೆ ತೋರಿಸಿದರು. ಆಕೆ ಗಹಗಹಿಸಿ ನಕ್ಕು ತಮ್ಮ ವಾಚು ತೋರಿಸಿದರು. ಅದೂ ಬೆಲೆಬಾಳುವಂಥದ್ದೇ. ಅಂಚಿನ ನೀಲಿ ಮೀನಾಕಾರಿ ಲೇಪ ಒಂದು ಕಡೆ ಎದ್ದುಹೋಗಿತ್ತು. ಮಗು ಕಚ್ಚಿದ್ದು ಎಂದು ಹಲ್ಲು ಕಚ್ಚಿ ತೋರಿಸಿದರು. ಆ ಮಗು ಈಗ ಎಷ್ಟು ಎತ್ತರ ಎಂದು ಕೈಯನ್ನು ತಮ್ಮ ತಲೆಯ ಮೇಲಕ್ಕೆ ಎತ್ತಿದರು. ರಿಪೇರಿಗೆ ಯಾಕೆ ಕೊಡಲಿಲ್ಲ ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದೆ. ಆಕೆಗೆ ಇಂಗ್ಲಿಷು ಅರ್ಥವಾಗಲಿಲ್ಲವೋ, ಪ್ರಶ್ನೆಯೇ ಅರ್ಥವಾಗಲಿಲ್ಲವೋ, ಸುಮ್ಮನೆ ನನ್ನ ಮುಖ ನೋಡಿದರು.

"ಅವರದ್ದು ಕಚ್ಚಿದ್ದಲ್ವಾ," ಎಂದರು ನಮ್ಮವರು, ಆಕೆ ಇಳಿದುಹೋದ ಮೇಲೆ. "ನಂದು ಯಾರು ಏನು ಮಾಡಿದ್ದೂ ಅಲ್ಲ. ಸುಮ್ನೆ ಉಂಟು. ಅದೇ ತಲೆ ತಿನ್ನೋದು."

ಸರೋವರದ ದಡದ ಮನೆ

ಕೆಲ್ಲರ್ ಸ್ಟೇಷನ್ನಿಗೆ ಬಂದಿದ್ದರು. ಸಾಗರದಲ್ಲಿ ಬಿಸಿಲಿಗೆ ಕೆಂಪಾಗಿ, ಕೆಸರು ಮೆಟ್ಟಿಕೊಂಡು ನಮ್ಮ ಜಗಲಿ ಹತ್ತುತ್ತಿದ್ದ ಮನುಷ್ಯ ಇವರೇನಾ ಎನಿಸಿತು. ತೊಳೆದಿಟ್ಟ ಹಾಗಿದ್ದರು. ಮಾತು ಮೆತ್ತಗೆ, ನಗು ಮೆತ್ತಗೆ. ನಮ್ಮವರ ಕೈ ಕುಲುಕುತ್ತಲೇ ಮಣಿಕಟ್ಟು ತಿರುಗಿಸಿ ಚುಕ್ಕೆ ನೋಡಿದರು. "ಇನ್ನೂ ಇದೆ," ಎಂದರು. ಇವರು, "ಇನ್ನೂ ಉಂಟು," ಎಂದರು. ಇಬ್ಬರ ಮುಖದ ಮೇಲೂ ಒಂದೇ ಥರದ ಕಳೆ ಬಂತು.

ಮನೆ ಸರೋವರದ ದಡದಲ್ಲಿತ್ತು. ನೀರಿನ ಮೇಲೆ ಒಂದು ಅಲೆಯೂ ಇರಲಿಲ್ಲ. ಅಂಗಳದ ಗುಲಾಬಿ ಗಿಡಗಳಲ್ಲಿ ಹೂವಿತ್ತು, ಎಲೆಗಳೇ ಕಡಿಮೆ. ಹತ್ತಿರ ಹೋಗಿ ನೋಡಿದೆ. ಹುಳ ತಿಂದ, ಕಲೆಯಾದ ಎಲೆಗಳನ್ನೆಲ್ಲ ಕತ್ತರಿಯಿಂದ ಕತ್ತರಿಸಿ ತೆಗೆದಿದ್ದರು. ಬೋಳು ಕಡ್ಡಿಗಳ ತುದಿಯಲ್ಲಿ ಕೆಂಪು ಹೂವು ನಿಂತಿತ್ತು.

ಅವರ ಹೆಂಡತಿ ಮಾರ್ತಾ ಬಾಗಿಲಲ್ಲಿ ಕಾಯುತ್ತಿದ್ದರು. ಸಾಗರದಲ್ಲಿ ಎರಡು ವರ್ಷ ಇದ್ದವರು. ನನ್ನ ಜತೆ ದೋಣಿಯಲ್ಲಿ ಹೊಳೆಯಾಚೆಯ ತುಮರಿಗೆ ಬಂದು, ಗದ್ದೆಯ ಅಂಚಿನಲ್ಲಿ ಬರಿಗಾಲಲ್ಲಿ ಓಡಾಡಿದವರು. ಈಗ ಕತ್ತಿಗೆ ರೇಷ್ಮೆ ವಸ್ತ್ರ ಬಿಗಿಯಾಗಿ ಸುತ್ತಿಕೊಂಡಿದ್ದರು. ನನ್ನನ್ನು ತಬ್ಬಿಕೊಂಡಾಗಲೂ ಮುಖವನ್ನು ಒಂದೇ ಕಡೆಗೆ ತಿರುಗಿಸಿಕೊಂಡಿದ್ದರು. ಕುತ್ತಿಗೆ ಉಳುಕಿದೆಯೇನೋ ಅಂದುಕೊಂಡೆ. ಊಟಕ್ಕೆ ಕೂತಾಗಲೂ ಹಾಗೇ. ಗಂಡನಿಗೆ ಅವರ ಬಲಗೆನ್ನೆ ಮಾತ್ರ ಕಾಣುವ ಹಾಗೆ ಕುರ್ಚಿ ಹಾಕಿತ್ತು.

ನಾವು ಸಾಗರದ ಗುಡಿಗಾರರಿಂದ ಒಂದು ಗಂಧದ ಪೆಟ್ಟಿಗೆ ಕೆತ್ತಿಸಿ ಒಯ್ದಿದ್ದೆವು. ಮುಚ್ಚಳದ ತುಂಬ ಆನೆಗಳ ಸಾಲು. ಕೆಲ್ಲರ್ ಅದನ್ನು ಮೂಸಿದರು, ಕಣ್ಣು ಮುಚ್ಚಿ ಸಾಗರವನ್ನು ನೆನೆದರು. ಆಮೇಲೆ ಭೂತಗನ್ನಡಿ ತೆಗೆದರು. ಒಂದೊಂದೇ ಆನೆಯನ್ನು ನೋಡುತ್ತಾ ಹೋಗಿ ಒಂದರ ಹತ್ತಿರ ನಿಂತರು. ಧನ್ಯವಾದ ಹೇಳಿ ಪೆಟ್ಟಿಗೆಯನ್ನು ಕಪಾಟಿನ ಮೇಲಿಟ್ಟರು, ಮುಚ್ಚಳ ಗೋಡೆಗೆ ಮುಖವಾಗಿ.

ಆಗ ನಾನು ಆ ಕೋಣೆಯನ್ನು ಸರಿಯಾಗಿ ನೋಡಿದೆ. ಗೋಡೆಗೆ ಆನಿಸಿ, ಬೆನ್ನು ನಮ್ಮ ಕಡೆ ಮಾಡಿ ಇಟ್ಟ ವಸ್ತುಗಳೇ ಅಲ್ಲಿ ಬಹಳ ಇದ್ದವು. ಒಂದು ಹೂದಾನಿ, ಒಂದು ಪಿಂಗಾಣಿ ಬೊಂಬೆ, ಒಂದು ಕನ್ನಡಿ. ಗೋಡೆಗೆ ಅಂಟಿಸಿದ ಬಣ್ಣದ ಕಾಗದದ ಮೇಲೆ ಅಲ್ಲಲ್ಲಿ ಚೌಕದ ಗುರುತುಗಳು, ಪಟಗಳನ್ನು ತೆಗೆದಿದ್ದರು. ಊಟದ ನಡುವೆ ಮೇಜುಬಟ್ಟೆಯ ಮೇಲೆ ನಾನೇ ಒಂದು ತೊಟ್ಟು ಸಾರು ಚೆಲ್ಲಿದೆ. ಮಾರ್ತಾ ಎದ್ದು ತಟ್ಟೆಗಳನ್ನೆಲ್ಲ ತೆಗೆದು, ಬಟ್ಟೆ ಬದಲಾಯಿಸಿ, ತಟ್ಟೆಗಳನ್ನು ಮತ್ತೆ ಇಟ್ಟರು. ಕೆಲ್ಲರ್ ಅಷ್ಟು ಹೊತ್ತೂ ಕಿಟಕಿಯಾಚೆ ನೋಡುತ್ತಾ ಕೂತಿದ್ದರು.

ಊಟವಾದ ಮೇಲೆ ಕೆಲ್ಲರ್ ಮೇಜಿನ ಒಂದು ಸೆಳೆಖಾನೆ ಎಳೆದು ತೋರಿಸಿದರು. ನಮಗೆ ಕೊಟ್ಟಂಥವೇ ಚಿನ್ನದ ವಾಚುಗಳು, ಹಲವು. ಎಲ್ಲವೂ ಬೋರಲು ಮಲಗಿದ್ದವು. ಎಲ್ಲವೂ ನಡೆಯುತ್ತಿದ್ದವು. ಕೆಲ್ಲರ್ ಸೆಳೆಖಾನೆ ಮುಚ್ಚಿದ ಮೇಲೂ ಮರದೊಳಗಿಂದ ಸದ್ದು ಬರುತ್ತಿತ್ತು, ಗೆದ್ದಲು ತಿನ್ನುವ ಹಾಗೆ.

"ಪ್ರತಿ ಸಲವೂ ಇದು ಸರಿಯಾಗಿದೆ ಅಂದುಕೊಳ್ಳುತ್ತೇನೆ. ಕೆಲವು ದಿನ ಬಹಳ ಸುಖವಾಗಿರುತ್ತದೆ," ಎಂದರು ಕೆಲ್ಲರ್.

ನಮ್ಮವರು ತಲೆಯಾಡಿಸಿದರು. ಇಷ್ಟು ದಿನಕ್ಕೆ ತಮ್ಮ ಸಂಕಟ ತಿಳಿದವರೊಬ್ಬರು ಸಿಕ್ಕಿದರು ಎಂಬ ಹಾಗೆ.

ವಾಚಿನ ಊರು

ವಾಚು ಮಾಡುವ ಊರು ಬೆಟ್ಟಗಳ ನಡುವಿನ ಕಣಿವೆಯಲ್ಲಿತ್ತು. ಮನೆಮನೆಗೂ ದೊಡ್ಡ ದೊಡ್ಡ ಕಿಟಕಿಗಳು. ಬೆಳಕು ಬೇಕಾದ ಕೆಲಸ. ಬೀದಿಯಲ್ಲಿ ಎದುರಾದವರು ನಮ್ಮ ಮುಖಕ್ಕಿಂತ ಮುಂಚೆ ಮಣಿಕಟ್ಟು ನೋಡುತ್ತಿದ್ದರು. ತೀರ್ಥಹಳ್ಳಿಯಲ್ಲಿ ಅಡಿಕೆ ವ್ಯಾಪಾರಿಗಳು ಎದುರು ಬಂದವನ ಕೈಚೀಲ ನೋಡುವ ಹಾಗೆ.

ಕಾರ್ಖಾನೆಯಲ್ಲಿ ಬಿಳಿಕೋಟಿನ ಮೇಲಧಿಕಾರಿಯೊಬ್ಬರು ನಮ್ಮನ್ನು ಕೂರಿಸಿ ಕಾಫಿ ಕೊಟ್ಟರು. ಕೆಲ್ಲರ್ ಅವರನ್ನು ಕಂಡು ಆ ಅಧಿಕಾರಿಯ ನಗು ಸ್ವಲ್ಪ ಕುಗ್ಗಿತು. ಹಳೆಯ ಗಿರಾಕಿ ಎಂದು ಕಾಣುತ್ತದೆ. ವಾಚನ್ನು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ನೋಡಿದರು. ಚುಕ್ಕೆ ಇರುವುದು ನಿಜ ಎಂದು ಒಪ್ಪಿಕೊಂಡರು. ಬಣ್ಣ ಒಣಗುವಾಗ ಕೂತ ಧೂಳಿನ ಕಣ ಅದು. ಮುಖವನ್ನೇ ಬದಲಾಯಿಸಿ ಕೊಡುತ್ತೇವೆ ಎಂದರು.

"ಆದರೆ ಒಂದು ಮಾತು," ಎಂದು ಅವರು ನನ್ನ ಕಡೆ ತಿರುಗಿದರು, ನಾನು ಅನುವಾದಿಸುತ್ತಿದ್ದೆನಲ್ಲ. "ಇದನ್ನು ಮನುಷ್ಯರೇ ಕೈಯಲ್ಲಿ ಮಾಡುವುದು. ಇಷ್ಟು ಹತ್ತಿರದಿಂದ ನೋಡಿದರೆ ಹೊಸದರಲ್ಲೂ ಏನೋ ಒಂದು ಸಿಗುತ್ತದೆ. ನಿಮ್ಮ ಯಜಮಾನರಿಗೆ ಹೇಳಿ. ಕೆಲವರು ಇಲ್ಲಿ ಬಂದು ಅತ್ತದ್ದನ್ನು ನಾನು ನೋಡಿದ್ದೇನೆ. ವಾಚು ಅವರದ್ದು ಒಂದು ಕ್ಷಣವೂ ತಪ್ಪುತ್ತಿರಲಿಲ್ಲ."

ನಾನು ಹೇಳಿದೆ. ನಮ್ಮವರು, "ಬದಲಾಯಿಸ್ಲಿ ಮೊದ್ಲು," ಎಂದರು.

ಕೆಲವು ದಿನ ಕಾಯಬೇಕಿತ್ತು. ವಾಚು ಅಲ್ಲೇ ಬಿಟ್ಟು ವಾಪಸು ರೈಲು ಹತ್ತಿದೆವು. ನಮ್ಮವರ ಮಣಿಕಟ್ಟು ಬರಿದಾಗಿತ್ತು. ಬಿಸಿಲು ಕಾಣದ ಬಿಳಿಯ ಪಟ್ಟಿ ಒಂದು ಉಳಿದಿತ್ತು. ಆದರೂ ಅದು ಬೆಳಕಿಗೆ ತಿರುಗುವುದು ನಿಲ್ಲಲಿಲ್ಲ. ಕೆಲ್ಲರ್ ಅದನ್ನು ನೋಡಿ ಪ್ರೀತಿಯಿಂದ ತಮ್ಮ ಭೂತಗನ್ನಡಿಯನ್ನು ಇವರಿಗೆ ಕೊಟ್ಟರು. ಇಬ್ಬರೂ ದಾರಿಯುದ್ದಕ್ಕೂ ಆಟವಾಡುವ ಹುಡುಗರ ಹಾಗೆ ಅದರಲ್ಲಿ ನೋಡುತ್ತಾ ಹೋದರು. ಕಿಟಕಿಯ ಗಾಜು ನೋಡಿದರು. ಸೀಟಿನ ಚರ್ಮ ನೋಡಿದರು. ಉಗುರು ನೋಡಿಕೊಂಡರು. ಕಿಟಕಿಯಾಚೆ ಹಿಮದ ಬೆಟ್ಟಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಇಬ್ಬರೂ ಒಮ್ಮೆಯೂ ಆ ಕಡೆ ತಿರುಗಲಿಲ್ಲ.

ಆಮೇಲೆ ನಮ್ಮವರು ತಲೆಯೆತ್ತಿ ನನ್ನ ಕಡೆ ನೋಡಿದರು. ಸುಮ್ಮನೆ ನೋಡಿದ್ದು. ಕಣ್ಣು ನನ್ನ ಬಲಗೈಯ ಮೇಲೆ ನಿಂತಿತು. ಮೊಣಕೈಯ ಕೆಳಗೆ ನನಗೆ ಸುಟ್ಟ ಗಾಯದ ಕಲೆಯಿದೆ, ವೀಳ್ಯದೆಲೆಯಷ್ಟು. ಮದುವೆಗೆ ಮುಂಚೆ ಅಜ್ಜನ ಮನೆಯ ಆಲೆಮನೆಯಲ್ಲಿ ಕಬ್ಬಿನಹಾಲು ಕಾಯಿಸುವಾಗ ಕೊಪ್ಪರಿಗೆಯಿಂದ ಸಿಡಿದದ್ದು. ಹೆಣ್ಣು ನೋಡಲು ಬಂದಾಗ ಅಮ್ಮ ಸೆರಗು ಹೊದ್ದುಕೋ ಎಂದಿದ್ದಳು. ನಾನು ಹೊದ್ದುಕೊಳ್ಳಲಿಲ್ಲ. ಆಗ ಇವರು ನೋಡಿ, "ಉರೀತಾ ತುಂಬ?" ಎಂದು ಕೇಳಿದ್ದರು, ಅಷ್ಟೆ. ಆ ಒಂದು ಮಾತಿಗೆ ನಾನು ಇವರನ್ನು ಒಪ್ಪಿಕೊಂಡದ್ದು.

ಈಗ ಏನೂ ಕೇಳಲಿಲ್ಲ. ನೋಡಿದರು, ನೋಡಿ ಕಣ್ಣು ತೆಗೆದು ಕಿಟಕಿಗೆ ತಿರುಗಿದರು. ನನಗೇ ತಿಳಿಯದ ಹಾಗೆ ನನ್ನ ಎಡಗೈ ಸೆರಗನ್ನು ಎಳೆದು ಬಲಗೈಯ ಮೇಲೆ ಹೊದಿಸಿತ್ತು. ಈ ಕೈಚಲನೆಯನ್ನು ನಾನು ಎಲ್ಲೋ ನೋಡಿದ್ದೇನೆ ಎನಿಸಿತು. ಮಾರ್ತಾ ಕತ್ತಿನ ವಸ್ತ್ರವನ್ನು ಸರಿಮಾಡಿಕೊಳ್ಳುತ್ತಿದ್ದದ್ದು ಹೀಗೆಯೇ.

ಅಡುಗೆಮನೆ

ಮರುದಿನ ಗಂಡಸರಿಬ್ಬರೂ ಮರ ಕೊಯ್ಯುವ ಯಂತ್ರ ನೋಡಲು ಹೋದರು. ನಾನು ಮಾರ್ತಾ ಜತೆ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಾ ಕೂತೆ. ಮೊಳಕೆಯ ಕಣ್ಣು ಮೂಡಿದವನ್ನು ಅವರು ಬೇರೆ ಇಡುತ್ತಿದ್ದರು. ಯಾಕೆ, ಕೆತ್ತಿ ತೆಗೆದರಾಯಿತಲ್ಲ ಎಂದೆ. ಕೆತ್ತಿದರೆ ಗುಳಿ ಬೀಳುತ್ತದೆ ಎಂದರು. ಒಲೆಯ ಪಕ್ಕದ ಗೂಡಿನಲ್ಲಿ ನಮ್ಮ ಗಂಧದ ಪೆಟ್ಟಿಗೆ ಇತ್ತು. ಆನೆಗಳು ಈ ಕಡೆಗೇ ನೋಡುತ್ತಿದ್ದವು.

"ಇದನ್ನು ನಾನು ಇಲ್ಲಿಗೆ ತಂದುಕೊಂಡೆ. ಈ ಕೋಣೆಗೆ ಅವರು ಬರುವುದಿಲ್ಲ," ಎಂದರು ಮಾರ್ತಾ.

ಕೇಳಬಾರದು ಅಂದುಕೊಂಡಿದ್ದೆ, ಕೇಳಿಬಿಟ್ಟೆ. "ನಿಮ್ಮ ಕತ್ತಿಗೆ ಏನಾಯಿತು?"

ಅವರು ಬಾಗಿಲ ಕಡೆ ನೋಡಿದರು. ಮನೆಯಲ್ಲಿ ನಾವಿಬ್ಬರೇ ಇದ್ದೆವು. ಆಮೇಲೆ ವಸ್ತ್ರ ಬಿಚ್ಚಿ ಎಡಗಡೆ ತಿರುಗಿಸಿ ತೋರಿಸಿದರು. ನಾನು ಏನೋ ಗಾಯ, ಏನೋ ಗಂಟು ಅಂದುಕೊಂಡಿದ್ದೆ. ಕಿವಿಯ ಕೆಳಗೆ ಒಂದು ಮಚ್ಚೆ. ಎಳ್ಳಿಗಿಂತ ಸ್ವಲ್ಪ ದೊಡ್ಡದು. ನಮ್ಮ ಕಡೆಯಾಗಿದ್ದರೆ ಅದೃಷ್ಟ ಎನ್ನುತ್ತಿದ್ದರು.

"ಇಷ್ಟೇನಾ?"

"ಇಷ್ಟೇ. ಸಾಗರದಲ್ಲಿದ್ದಾಗಲೂ ಇತ್ತು. ಮದುವೆಯ ದಿನವೂ ಇತ್ತು. ಅವರು ಇವತ್ತಿನವರೆಗೆ ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ಬೈದಿಲ್ಲ. ಸುಮ್ಮನೆ ನೋಡುವುದನ್ನು ಬಿಟ್ಟುಬಿಡುತ್ತಾರೆ. ಅದು ಹೇಗಿರುತ್ತದೆ ಎಂದು ನಿಮಗೆ ಗೊತ್ತಾಗುವುದಿಲ್ಲ. ನಾನು ಎದುರಿಗೇ ನಿಂತಿರುತ್ತೇನೆ, ಅವರು ನನ್ನ ಪಕ್ಕದ ಗಾಳಿಯ ಜತೆ ಮಾತಾಡುತ್ತಾರೆ."

ನನ್ನ ಕೈಯ ಚಾಕು ನಿಂತಿತು. ಗೋಡೆಯ ಮೇಲಿನ ಚೌಕಗಳು ಯಾವುವು ಎಂದು ಕೇಳಿದೆ.

"ಲೀಸಾ," ಎಂದರು. ಅವರಿಗೆ ಮಗಳಿದ್ದಾಳೆಂದು ನನಗೆ ಆ ಹೊತ್ತಿಗಷ್ಟೇ ತಿಳಿದದ್ದು. ಗಂಡಹೆಂಡಿರು ಸಾಗರದಲ್ಲಿದ್ದಾಗ ಅವಳು ಈ ದೇಶದಲ್ಲೇ ಅಜ್ಜಿಯ ಊರಿನಲ್ಲಿ ಇದ್ದಳಂತೆ. ಅವಳ ಒಂದು ಕಣ್ಣು ಒಂದಿಷ್ಟು ಒಳಗೆ ತಿರುಗಿದೆ. "ಇಂಡಿಯಾದಿಂದ ಬಂದ ಮೇಲೆ ಅವಳನ್ನು ಮನೆಗೆ ಕರೆತಂದೆವು. ಅವರು ಬಹಳ ಪ್ರೀತಿಯಿಂದಿದ್ದರು. ಆಮೇಲೆ ಫೋಟೋಗಳನ್ನು ತೆಗೆದರು. ಆಮೇಲೆ ಅವಳ ಕುರ್ಚಿಯನ್ನು ಸ್ವಲ್ಪ ಆ ಕಡೆಗೆ ಸರಿಸಿದರು. ಒಂದು ದಿನ ಅವಳೇ ಬಂದು ಅಜ್ಜಿಯ ಊರಿಗೆ ಹೋಗುತ್ತೇನೆ ಎಂದಳು."

"ನೀವು ಯಾಕೆ ಹೋಗಲಿಲ್ಲ?"

ಮಾರ್ತಾ ವಸ್ತ್ರ ಕಟ್ಟಿಕೊಂಡರು. "ಒಮ್ಮೊಮ್ಮೆ ಅವರು ಮರೆತು ನೋಡಿಬಿಡುತ್ತಾರೆ. ಮೊದಲಿನ ಹಾಗೆ. ಅದಕ್ಕೆ ಕಾಯುತ್ತಾ ಇದ್ದುಬಿಟ್ಟೆ."

ಆಮೇಲೆ ನನ್ನ ಸೆರಗಿನ ಕಡೆ ನೋಡಿದರು. ಅದು ಬಲಗೈಯ ಮೇಲೆ ಬಿಗಿಯಾಗಿ ಸುತ್ತಿಕೊಂಡಿತ್ತು.

ಬೆಳಗಿನ ತಿಂಡಿ

ವಾಚು ಬಂದ ದಿನ ಬೆಳಿಗ್ಗೆ ಸರೋವರದ ಮೇಲೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ಕಾರ್ಖಾನೆಯ ಮನುಷ್ಯನೇ ಬಂದು ಪೆಟ್ಟಿಗೆ ಕೊಟ್ಟು ಹೋದ. ನಮ್ಮವರು ಬಿಳಿಯ ಮೇಜುಬಟ್ಟೆಯ ಮೇಲೆ ವಾಚನ್ನಿಟ್ಟು ಎಲ್ಲ ಕಡೆಯಿಂದ ನೋಡಿದರು. ಎಂಟರ ಪಕ್ಕ ಹಾಲಿನ ಹಾಗೆ ಬಿಳುಪಾಗಿತ್ತು. ಇವರ ಹಣೆಯ ಗೆರೆಗಳು ಒಂದೊಂದಾಗಿ ಸಡಿಲಾದವು. ನನ್ನ ಕಡೆ ತಿರುಗಿ ನಕ್ಕರು. ಎರಡು ವರ್ಷದಿಂದ ಕಾಣದಿದ್ದ ನಗು ಅದು.

ಕೆಲ್ಲರ್ ಕೈ ಚಾಚಿದರು. ಇವರಿಂದ ವಾಚನ್ನೂ ಭೂತಗನ್ನಡಿಯನ್ನೂ ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗಿ ನೋಡಲು ಶುರುಮಾಡಿದರು. ಬಹಳ ಹೊತ್ತು ನೋಡಿದರು. ಮೇಜಿನ ಮೇಲೆ ಕಾಫಿ ಆರಿತು. ಮಾರ್ತಾ ತಟ್ಟೆಯನ್ನೇ ನೋಡುತ್ತಾ ಕೂತಿದ್ದರು.

"ಇಲ್ಲಿ," ಎಂದರು ಕೆಲ್ಲರ್. ದನಿಯಲ್ಲಿ ಕೇಡಿರಲಿಲ್ಲ, ಕಳೆದುಹೋದದ್ದನ್ನು ಹುಡುಕಿಕೊಟ್ಟವರ ಹಾಗಿತ್ತು. "ಮೂರರ ಕೆಳಗೆ."

ನಮ್ಮವರು ಎದ್ದು ಹೋಗಿ ನೋಡಿದರು. "ನಂಗೆ ಕಾಣ್ತಾ ಇಲ್ಲ," ಎಂದರು. ಮತ್ತೆ ನೋಡಿದರು. ಮಣಿಕಟ್ಟು ಹಳೆಯ ಥರ ತಿರುಗಿತು. ಕಾಣಲಿ ಎಂದು ಅವರೇ ಹಂಬಲಿಸುತ್ತಿದ್ದ ಹಾಗಿತ್ತು. ಆಮೇಲೆ ವಾಚು, ಗಾಜು ಎರಡನ್ನೂ ತಂದು ನನ್ನ ಮುಂದೆ ಹಿಡಿದರು. "ನಿಂಗೆ ಎಂತಾದ್ರೂ ಕಾಣ್ತದಾ ನೋಡು ಮಾರಾಯ್ತಿ."

ಎರಡು ವರ್ಷ ನನಗೆ ಏನೂ ಕಂಡಿರಲಿಲ್ಲ. ಇಲ್ಲ ಎಂದು ಹೇಳಬೇಕೆಂದೇ ಕಣ್ಣಿಟ್ಟೆ.

ಕಂಡಿತು. ಮೂರರ ಕೆಳಗೆ ಬೂದಿಯ ಕಣದಂಥದ್ದು. ಒಮ್ಮೆ ಕಂಡದ್ದೇ ಉಳಿದ ಮುಖವೆಲ್ಲ ಮಾಯವಾಗಿ ಅದೊಂದೇ ನಿಂತಿತು. ಗಾಬರಿಯಾಗಿ ಗಾಜು ಇಳಿಸಿದೆ. ಆಗಲೂ ಕಣ್ಣು ನನ್ನ ಮಾತು ಕೇಳಲಿಲ್ಲ. ಮೇಜುಬಟ್ಟೆಯಲ್ಲಿ ಎದ್ದ ಒಂದು ನೂಲು ಕಂಡಿತು. ಬಟ್ಟಲಿನ ಹಿಡಿಯಲ್ಲಿ ಕೂದಲೆಳೆಯ ಬಿರುಕು. ನಮ್ಮವರ ಗದ್ದದಲ್ಲಿ ಕ್ಷೌರ ತಪ್ಪಿದ ಒಂದು ಕೂದಲು. ಆ ಕೂದಲನ್ನು ಬಿಟ್ಟು ನನ್ನ ಗಂಡನ ಮುಖ ನನಗೆ ಕಾಣಲಿಲ್ಲ. ನಿಜವಾಗಿ ಕಾಣಲಿಲ್ಲ. ಅಲ್ಲಿ ಕೂದಲಿನ ಸುತ್ತ ಏನೋ ಒಂದು ಬಿಳಿಚಿಕೊಂಡದ್ದು ಮಾತ್ರ ಇತ್ತು. ಕೆಲ್ಲರ್ ಹೇಗೆ ಬದುಕುತ್ತಿದ್ದಾರೆ ಎಂದು ಆ ಕ್ಷಣ ನನಗೆ ತಿಳಿಯಿತು.

ಕಣ್ಣು ಬಿಗಿಯಾಗಿ ಮುಚ್ಚಿ ತೆರೆದೆ. ಆಮೇಲೆ ಸೆರಗು ಸರಿಸಿ ಬಲಗೈಯನ್ನು ಬಿಳಿಬಟ್ಟೆಯ ಮೇಲೆ, ವಾಚಿನ ಪಕ್ಕದಲ್ಲಿ ಚಾಚಿ ಇಟ್ಟೆ.

"ಕಾಣ್ತದೆ. ಉಂಟು ಅಲ್ಲಿ," ಎಂದೆ. "ಇದನ್ನೂ ನೋಡಿ. ಅದೇ ಗಾಜಲ್ಲಿ ನೋಡಿ. ಮೊನ್ನೆ ರೈಲಲ್ಲಿ ನೋಡಿ ಕಣ್ಣು ತೆಗೆದ್ರಲ್ಲ. ಇವತ್ತು ತೆಗೀಬೇಡಿ, ಪೂರ್ತಿ ನೋಡಿ. ನೋಡ್ಲಿಕ್ಕೆ ಆಗೋದಿಲ್ಲ ಅಂತಾದ್ರೆ ಈಗ್ಲೇ ಹೇಳಿ. ನಾನು ಮಾರ್ತಾ ಹಂಗೆ ಬದುಕೋದಿಲ್ಲ."

ಮಾತು ಕನ್ನಡದಲ್ಲಿತ್ತು. ಆದರೆ ಮಾರ್ತಾ ತಮ್ಮ ಹೆಸರು ಕೇಳಿ ತಲೆಯೆತ್ತಿದರು. ಕೆಲ್ಲರ್ ನನ್ನ ಕೈಯನ್ನು ನೋಡಲಿಲ್ಲ. ಅದರ ಕೆಳಗಿನ ಬಟ್ಟೆ ನೋಡಿದರು, ಮುಖ ತಿರುಗಿಸಿದರು. ಬಹಳ ಮೆತ್ತಗೆ, "ಮಾರ್ತಾ, ಮೇಜುಬಟ್ಟೆ ಬದಲಾಯಿಸು," ಎಂದರು.

ನಮ್ಮವರು ನಿಜವಾಗಿಯೂ ಭೂತಗನ್ನಡಿ ಹಿಡಿದು ಬಗ್ಗಿದರು. ಕಲೆಯ ಅಂಚಿನಿಂದ ಅಂಚಿಗೆ ನೋಡಿದರು. ಅವರು ಏನು ಹೇಳುತ್ತಾರೋ ನನಗೆ ಗೊತ್ತಿರಲಿಲ್ಲ. ಗಾಜಿನ ಆ ಕಡೆ ಅವರ ಕಣ್ಣು ದೊಡ್ಡದಾಗಿ, ಬೇರೆ ಯಾವುದೋ ಪ್ರಾಣಿಯ ಕಣ್ಣಿನ ಹಾಗೆ ಕಾಣುತ್ತಿತ್ತು. ಆಮೇಲೆ ಅದು ಒದ್ದೆಯಾಯಿತು.

"ಎಂಥ ಆಗಿತ್ತು ನಂಗೆ?" ಎಂದು ನನ್ನನ್ನೇ ಕೇಳಿದರು. ಗಾಜನ್ನು ದೂರ ತಳ್ಳಿ ಅಂಗೈಯನ್ನು ನನ್ನ ಕಲೆಯ ಮೇಲಿಟ್ಟರು. "ಹೊರಡುವ. ಇವತ್ತೇ ಹೊರಡುವ. ಇಲ್ಲಿದ್ರೆ ನಾನು ನಿನ್ನ ಮುಖಾನೂ ಮರೀತೀನಿ."

ಸ್ಟೇಷನ್

ನಮ್ಮ ಊರಿನವರು ಈಗಲೂ ಆ ವಾಚನ್ನು ನೋಡುತ್ತಾರೆ. ಅದು ನಮ್ಮವರ ಕೈಯಲ್ಲೇ ಇದೆ. ಹೊಸನಗರದ ಡಿಪೋದಲ್ಲಿ ಮರ ಉಜ್ಜಿ ಗಾಜಿನ ತುಂಬ ಗೀರು ಬಿದ್ದಿದೆ. ಒಮ್ಮೊಮ್ಮೆ ಮಣಿಕಟ್ಟು ಬೆಳಕಿಗೆ ತಿರುಗುವುದುಂಟು. ನಾನು ಏನಾದರೂ ಮಾತು ತೆಗೆಯುತ್ತೇನೆ, ಅದು ಇಳಿಯುತ್ತದೆ. ನನ್ನ ಕಣ್ಣೂ ಪೂರ್ತಿ ನನ್ನದಾಗಿಲ್ಲ. ಯಾರದೋ ಮುಖದ ಮೇಲೆ ಏನೋ ಒಂದರ ಹತ್ತಿರ ಅದು ನಿಂತುಬಿಡುತ್ತದೆ. ಆಗ ಬಲವಂತದಿಂದ ಅವರ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಮುಖ ನಿಧಾನವಾಗಿ ವಾಪಸು ಬರುತ್ತದೆ.

ಆ ದಿನ ನಾವು ಪೆಟ್ಟಿಗೆ ಕಟ್ಟಿಕೊಂಡು ಕೆಳಗಿಳಿದಾಗ ಕೆಲ್ಲರ್ ಬೀಳ್ಕೊಡಲು ಬಾಗಿಲಿಗೆ ಬಂದರು. ನಮ್ಮ ಭುಜದ ಪಕ್ಕದ ಗಾಳಿಗೆ ಶುಭ ಪ್ರಯಾಣ ಹೇಳಿದರು. ಮಾರ್ತಾ ಕಾಣಲಿಲ್ಲ. ಕೂಗಿದೆ, ಉತ್ತರ ಬರಲಿಲ್ಲ. ಬೇಸರದಿಂದಲೇ ಸ್ಟೇಷನ್ನಿಗೆ ನಡೆದೆವು. ರೈಲು ನಿಂತಿತ್ತು. ಡಬ್ಬಿ ಹತ್ತಿ ನೋಡಿದರೆ ಕಿಟಕಿಯ ಪಕ್ಕದಲ್ಲಿ ಮಾರ್ತಾ, ಮಡಿಲಲ್ಲಿ ಒಂದು ಸಣ್ಣ ಕೈಚೀಲ ಇಟ್ಟುಕೊಂಡು ಕೂತಿದ್ದರು.

"ನಾನು ಮೇಜುಬಟ್ಟೆ ಬದಲಾಯಿಸಲಿಲ್ಲ," ಎಂದರು. ತಪ್ಪು ಮಾಡಿದ ಹುಡುಗಿಯ ಹಾಗೆ ಏದುಸಿರು ಬಿಡುತ್ತಿದ್ದರು. "ಲೀಸಾ ಹತ್ತಿರ ಹೋಗುತ್ತಿದ್ದೇನೆ."

ನಾನು ಅವರ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತೆ. ನಮ್ಮವರು ಎದುರಿಗೆ ಕೂತರು. ಅಷ್ಟರಲ್ಲಿ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ಕೆಲ್ಲರ್ ಕಾಣಿಸಿದರು. ಓಡುತ್ತಿರಲಿಲ್ಲ. ಒಂದೊಂದೇ ಕಿಟಕಿಯನ್ನು ನೋಡುತ್ತಾ ಬರುತ್ತಿದ್ದರು. ಮಾರ್ತಾ ನನ್ನ ಕೈ ಬಿಡಿಸಿಕೊಂಡರು. ಕತ್ತಿನ ವಸ್ತ್ರವನ್ನು ಬಿಚ್ಚಿ ಚೀಲದೊಳಗಿಟ್ಟರು. ಬೆನ್ನು ನೆಟ್ಟಗೆ ಮಾಡಿ, ಎಡಗೆನ್ನೆ ಗಾಜಿಗೆ ತಾಗುವಷ್ಟು ಹತ್ತಿರಕ್ಕೆ ತಂದು, ಕಾದು ಕೂತರು.

ಕೆಲ್ಲರ್ ನಮ್ಮ ಕಿಟಕಿಯ ಎದುರು ಬಂದು ನಿಂತರು. ಬಗ್ಗಿದರು. ಅವರ ಮುಖಕ್ಕೂ ಮಾರ್ತಾ ಮುಖಕ್ಕೂ ನಡುವೆ ಗಾಜು ಮಾತ್ರ ಇತ್ತು. ಈಗ ಕರೆಯುತ್ತಾರೆ, ಈಗ ಅಳುತ್ತಾರೆ ಎಂದು ನಾನು ಕಾದೆ. ಅವರ ಹುಬ್ಬು ಸ್ವಲ್ಪ ಗಂಟಿಕ್ಕಿತು. ಜೇಬಿಗೆ ಕೈ ಹಾಕಿ ಇಸ್ತ್ರಿ ಮಾಡಿದ ಕರ್ಚೀಫು ತೆಗೆದರು. ಮಾರ್ತಾ ಕಿವಿಯ ಕೆಳಗಿನ ಆ ಮಚ್ಚೆ ಇದ್ದಲ್ಲಿಗೆ ಸರಿಯಾಗಿ, ಹೊರಗಿನಿಂದ, ಗಾಜನ್ನು ಒರೆಸತೊಡಗಿದರು.

ಮೊದಲು ಮೆತ್ತಗೆ. ಆಮೇಲೆ ಒತ್ತಿ. ಹೋಗಲಿಲ್ಲವೆಂದು ಬಾಯಿಂದ ಆವಿ ಊದಿ ಮತ್ತೆ ಒರೆಸಿದರು.

ರೈಲು ಹೊರಟಿತು. ಅವರು ಕಿಟಕಿಯ ಜತೆಗೇ ನಡೆಯುತ್ತಾ, ಪ್ಲಾಟ್‌ಫಾರ್ಮು ಮುಗಿಯುವವರೆಗೂ ಒರೆಸುತ್ತಲೇ ಇದ್ದರು.